ಸಂಪಾದಕರಿಗೆ ದುಡ್ಡು ಕೊಟ್ಟರೆ ಬದಲಾಗುವುದು ಯಾರು?

ಹವ್ಯಾಸಿ ಸಂಘಗಳಲ್ಲಿ ನಾಲ್ಕು ದಿನ ಓಡಾಡಿದವರಿಗೆ ಈ ಮಾತು ಹೊಸದಲ್ಲ. ವಾರ್ಷಿಕ ಸಭೆ ಮುಗಿಯುವ ಹೊತ್ತು. ಖಜಾಂಚಿ ಲೆಕ್ಕ ಓದಿ ಕೂತಿದ್ದಾರೆ. ಎಲ್ಲರೂ ಏಳುವ ಅಂದಾಜಿನಲ್ಲಿದ್ದಾಗ ಹಿಂದಿನ ಸಾಲಿನಿಂದ ಒಬ್ಬರು ಎದ್ದು ನಿಲ್ಲುತ್ತಾರೆ. "ನಮ್ಮ ಪತ್ರಿಕೆಯ ಸಂಪಾದಕರು ಇಷ್ಟು ವರ್ಷದಿಂದ ಬಿಟ್ಟಿ ದುಡಿಯುತ್ತಿದ್ದಾರೆ. ಅವರಿಗೆ ಏನಾದರೂ ಗೌರವಧನ ಅಂತ ಕೊಡಬಾರದಾ?" ಚಪ್ಪಾಳೆ ಬೀಳುತ್ತದೆ. ಪಾಪ, ಸಂಪಾದಕರು ತಲೆ ತಗ್ಗಿಸಿ ಕೂತಿರುತ್ತಾರೆ. ಬೇಡ ಅಂದರೆ ದೊಡ್ಡಸ್ತಿಕೆ. ಬೇಕು ಅಂದರೆ ಆಸೆಬುರುಕತನ. ಸುಮ್ಮನಿದ್ದರೆ ಒಪ್ಪಿಗೆ ಅಂತ ನಡಾವಳಿ ಪುಸ್ತಕದಲ್ಲಿ ಬರೆದುಬಿಡುತ್ತಾರೆ.

ಒಂದೆರಡು ಸಂಘಗಳ ಸಮಿತಿಯಲ್ಲಿ ಕೂತು, ಒಂದರ ಪತ್ರಿಕೆಗೆ ಕರಡು ತಿದ್ದಿಕೊಟ್ಟು, ಈ ಚರ್ಚೆಯನ್ನು ಹತ್ತಿರದಿಂದ ನೋಡಿದ್ದೇನೆ. ದುಡ್ಡು ಕೊಡಬೇಕು ಅನ್ನುವವರೂ ಕೊಡಬಾರದು ಅನ್ನುವವರೂ ಸಂಪಾದಕರ ಬಗ್ಗೆಯೇ ಮಾತಾಡುತ್ತಾರೆ. ಅವರಿಗೆ ಖುಷಿಯಾಗುತ್ತದಾ, ಅವರ ಆಸಕ್ತಿ ಕೆಡುತ್ತದಾ, ಅವರು ಇನ್ನೂ ಚೆನ್ನಾಗಿ ಮಾಡುತ್ತಾರಾ ಅಂತ. ಉಳಿದ ಸದಸ್ಯರಿಗೆ ಏನಾಗುತ್ತದೆ ಅಂತ ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಅಸಲು ವಿಷಯ ಇರುವುದು ಅಲ್ಲಿ.

ಮೊದಲು ಆ ಕೆಲಸ ಏನು ಅಂತ ನೋಡೋಣ. ಸಂಪಾದಕರು ಅಂದರೆ ಬಂದ ಲೇಖನಗಳನ್ನು ಒಂದರ ಹಿಂದೆ ಒಂದು ಜೋಡಿಸಿ ಪ್ರೆಸ್ಸಿಗೆ ಕಳಿಸುವವರು ಅಂತ ಎಷ್ಟೋ ಜನ ನಿಜವಾಗಿಯೂ ತಿಳಿದುಕೊಂಡಿದ್ದಾರೆ.

ಅಂಚೆಚೀಟಿ ಸಂಗ್ರಹಕಾರರ ಪತ್ರಿಕೆಯನ್ನೇ ತೆಗೆದುಕೊಳ್ಳಿ. ಸದಸ್ಯರೊಬ್ಬರು ಲೇಖನ ಕಳಿಸುತ್ತಾರೆ. ಒಂದೇ ಚಿತ್ರದ ಚೀಟಿ, ಎರಡು ಮುದ್ರಣ, ಅವುಗಳ ವ್ಯತ್ಯಾಸ. ಒಂದರ ಪರ್ಫೊರೇಷನ್ 14, ಇನ್ನೊಂದರದ್ದು 14 × 14½ ಅಂತ ಬರೆದಿದ್ದಾರೆ. ಚೀಟಿಯ ಅಂಚಿನಲ್ಲಿ ಎರಡು ಸೆಂಟಿಮೀಟರ್ ಉದ್ದಕ್ಕೆ ಎಷ್ಟು ತೂತು ಬರುತ್ತವೆ ಅನ್ನುವುದೇ ಈ ಲೆಕ್ಕ. ಎರಡು ಸಂಖ್ಯೆ ಇದ್ದರೆ ಮೊದಲನೆಯದು ಮೇಲಿನ ಅಡ್ಡ ಅಂಚಿಗೆ, ಎರಡನೆಯದು ಪಕ್ಕದ ಅಂಚಿಗೆ. ಲೇಖಕರು ಇದನ್ನು ಹಿಂದುಮುಂದಾಗಿ ಬರೆದಿದ್ದಾರಾ? ಸ್ಕ್ಯಾನ್ ದೊಡ್ಡದು ಮಾಡಿ, ಒಂದೊಂದೇ ತೂತು ಎಣಿಸಿ ನೋಡಬೇಕು. ಸ್ಕ್ಯಾನ್ ಅಳತೆ ಸರಿ ಇಲ್ಲದಿದ್ದರೆ ಇನ್ನೊಂದು ಕಳಿಸಿ ಅಂತ ಕೇಳಬೇಕು. ಕ್ಯಾಟಲಾಗ್ ನಂಬರ್ ಕೊಟ್ಟಿದ್ದಾರೆ, ಆದರೆ ಅದು ಸ್ಟ್ಯಾನ್ಲಿ ಗಿಬನ್ಸ್ ನಂಬರೋ, ಸ್ಕಾಟ್ ನಂಬರೋ, ಮಿಖೆಲ್ ನಂಬರೋ ಹೇಳಿಲ್ಲ. ಮೂರು ಕ್ಯಾಟಲಾಗಿನಲ್ಲೂ ಒಂದೇ ಚೀಟಿಗೆ ಬೇರೆ ಬೇರೆ ನಂಬರ್. ವಾಟರ್‌ಮಾರ್ಕ್, ಅಂದರೆ ಕಾಗದದೊಳಗಿನ ಮಸುಕು ಗುರುತು, ತಲೆಕೆಳಗಾಗಿದೆ ಅಂತ ಒಂದು ಸಾಲಿದೆ. ಮುಂದಿನಿಂದ ನೋಡಿದಾಗಲೋ, ಹಿಂದಿನಿಂದ ನೋಡಿದಾಗಲೋ? ಅದನ್ನೂ ಕೇಳಬೇಕು.

ಇಷ್ಟಾದ ಮೇಲೆ ಭಾಷೆ. ಒಂದೇ ವಾಕ್ಯ ಅರ್ಧ ಪುಟ ಹೋಗಿದೆ. ಅದನ್ನು ಮೂರಾಗಿ ಒಡೆದರೆ ಲೇಖಕರಿಗೆ ಸಿಟ್ಟು. "ನಾನು ಮೂವತ್ತು ವರ್ಷದಿಂದ ಸಂಗ್ರಹ ಮಾಡುತ್ತಿದ್ದೇನೆ, ನನ್ನ ವಾಕ್ಯ ಮುಟ್ಟಬೇಡಿ" ಅಂತ ಫೋನ್ ಬರುತ್ತದೆ. ಅವರನ್ನು ಸಮಾಧಾನ ಮಾಡಬೇಕು. ಲೇಖನ ಬೇಡ ಅನ್ನಬೇಕಾದರಂತೂ ಇನ್ನೂ ಕಷ್ಟ. ಬರೆದವರು ಸಂಘದ ಮಾಜಿ ಅಧ್ಯಕ್ಷರಾಗಿದ್ದರೆ ಮುಗಿಯಿತು ಕಥೆ.

ಈ ಕೆಲಸ ಸರಿಯಾಗಿ ಆದಾಗ ಯಾರ ಕಣ್ಣಿಗೂ ಬೀಳುವುದಿಲ್ಲ. ಸಂಚಿಕೆ ಕೈಗೆ ಬಂದಾಗ ಓದುಗರಿಗೆ ಕಾಣುವುದು ಪುಟ 11ರಲ್ಲಿ ಉಳಿದುಹೋದ ಒಂದು ಅಕ್ಷರದ ತಪ್ಪು ಮಾತ್ರ. ಹಾಗಾಗಿ "ಇವರಿಗೆ ಏನಾದರೂ ಕೊಡಬೇಕು" ಅನ್ನುವ ಮಾತು ಹುಟ್ಟುವುದು ಸಹಜ. ಹೇಳುವವರ ಮನಸ್ಸು ಒಳ್ಳೆಯದೇ. ಅದರಲ್ಲಿ ಅನುಮಾನ ಇಲ್ಲ.

ಈಗ ವಿರೋಧಿಸುವವರ ಮಾತು. ದುಡ್ಡು ಬಂದರೆ ಪ್ರೀತಿ ಹೋಗುತ್ತದೆ ಅನ್ನುತ್ತಾರೆ. ಇದು ಬರೀ ಹಿರಿಯರ ಗೊಣಗಾಟ ಅಲ್ಲ. ಇದರ ಹಿಂದೆ ಐವತ್ತು ವರ್ಷಕ್ಕೂ ಹಳೆಯ ಸಂಶೋಧನೆ ಇದೆ. ಎಡ್ವರ್ಡ್ ಡೆಸಿ ಅನ್ನುವ ಮನಶ್ಶಾಸ್ತ್ರಜ್ಞ 1971ರಲ್ಲಿ ಮೂರು ಪ್ರಯೋಗಗಳನ್ನು ಪ್ರಕಟಿಸಿದರು. ಮೊದಲನೆಯದರಲ್ಲಿ ಕಾಲೇಜು ಹುಡುಗರಿಗೆ ಸೋಮಾ ಅನ್ನುವ ಘನಾಕಾರದ ಒಗಟು ಕೊಟ್ಟರು. ಒಂದು ಗುಂಪಿಗೆ ಬಿಡಿಸಿದ ಪ್ರತಿ ಒಗಟಿಗೆ ಒಂದು ಡಾಲರ್. ಇನ್ನೊಂದು ಗುಂಪಿಗೆ ಏನೂ ಇಲ್ಲ. ಆಮೇಲೆ ದುಡ್ಡು ನಿಲ್ಲಿಸಿ, ಬಿಡುವಿನ ಹೊತ್ತಿನಲ್ಲಿ ಯಾರು ಎಷ್ಟು ಹೊತ್ತು ಒಗಟು ಹಿಡಿದು ಕೂರುತ್ತಾರೆ ಅಂತ ಗಮನಿಸಿದರು. ದುಡ್ಡು ಪಡೆದಿದ್ದವರ ಆಸಕ್ತಿ ಇಳಿದಿತ್ತು.

ಒಗಟಿನ ಪ್ರಯೋಗ ಎಲ್ಲರೂ ಹೇಳುತ್ತಾರೆ. ನಮ್ಮ ವಿಷಯಕ್ಕೆ ಹತ್ತಿರದ್ದು ಎರಡನೆಯದು. ಕಾಲೇಜು ಪತ್ರಿಕೆಯೊಂದರಲ್ಲಿ ತಲೆಬರಹ ಬರೆಯುವ ವಿದ್ಯಾರ್ಥಿಗಳು. ಅವರಲ್ಲಿ ಒಂದು ತಂಡಕ್ಕೆ ಕೆಲವು ವಾರ ಪ್ರತಿ ತಲೆಬರಹಕ್ಕೆ 50 ಸೆಂಟ್ ಕೊಟ್ಟರು. ಆಮೇಲೆ ನಿಲ್ಲಿಸಿದರು. ದುಡ್ಡೇ ಇಲ್ಲದೆ ಬರೆದ ತಂಡ ದಿನ ಕಳೆದಂತೆ ಚುರುಕಾಗುತ್ತಾ ಹೋಯಿತು. ದುಡ್ಡು ಪಡೆದ ತಂಡ ಹಾಗೆ ಮುಂದೆ ಹೋಗಲಿಲ್ಲ. ಬೆರಳೆಣಿಕೆಯ ಜನರ ಪ್ರಯೋಗ, ಅದನ್ನು ಮರೆಯಬಾರದು. ಮೂರನೆಯದರಲ್ಲಿ ದುಡ್ಡಿನ ಬದಲು ಬಾಯಿ ಮಾತಿನ ಮೆಚ್ಚುಗೆ ಕೊಟ್ಟರು. ಅಲ್ಲಿ, ಮೆಚ್ಚುಗೆ ಸಿಗದ ಗುಂಪಿಗೆ ಹೋಲಿಸಿದರೆ, ಆಸಕ್ತಿ ಚೆನ್ನಾಗಿ ಉಳಿಯಿತು.

1973ರಲ್ಲಿ ಪುಟ್ಟ ಮಕ್ಕಳ ಮೇಲೂ ಇಂಥದ್ದೇ ಒಂದು ಪ್ರಯೋಗ ಆಯಿತು. ಬಣ್ಣದ ಪೆನ್ನಿನಿಂದ ಚಿತ್ರ ಬಿಡಿಸುವುದು ಇಷ್ಟ ಇರುವ ಮಕ್ಕಳನ್ನೇ ಆರಿಸಿ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ "ಚಿತ್ರ ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ" ಅಂತ ಮೊದಲೇ ಹೇಳಿದರು. ಇನ್ನೊಂದಕ್ಕೆ ಹೇಳದೆ ಕೊನೆಗೆ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಕೆಲವು ದಿನ ಬಿಟ್ಟು ನೋಡಿದರೆ, ಮೊದಲೇ ಆಸೆ ಹುಟ್ಟಿಸಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರದ ಹತ್ತಿರ ಹೋಗುತ್ತಿದ್ದರು. ಹೇಳದೆ ಕೊಟ್ಟ ಗುಂಪಿಗೆ ಏನೂ ಆಗಿರಲಿಲ್ಲ. 1999ರಲ್ಲಿ ಡೆಸಿ ಮತ್ತು ಜೊತೆಗಾರರು ಇಂಥ 128 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ ಚಿತ್ರ ಹೆಚ್ಚುಕಡಿಮೆ ಇದೇ. ಇದನ್ನು ಒಪ್ಪದ ಪಂಡಿತರೂ ಇದ್ದಾರೆ, ವರ್ಷಗಟ್ಟಲೆ ವಾದ ನಡೆದಿದೆ.

ಇದರಿಂದ ಸಂಘದವರು ಕಲಿಯಬೇಕಾದ್ದು ಒಂದಿದೆ. ಅವಧಿ ಮುಗಿದಾಗ ಎಲ್ಲರೂ ಸೇರಿ ಹೇಳದೇ ಕೊಡುವ ಉಡುಗೊರೆಯೇ ಬೇರೆ, ಸಂಚಿಕೆಗೆ ಇಷ್ಟು ಅಂತ ಮೊದಲೇ ಗೊತ್ತು ಮಾಡಿದ ದುಡ್ಡೇ ಬೇರೆ. ಮೊದಲನೆಯದಕ್ಕೆ ಹೆದರಬೇಕಾಗಿಲ್ಲ.

ಆದರೂ ಈ ಪ್ರಯೋಗಗಳನ್ನು ಹಾಗೆ ಹಾಗೇ ತಂದು ನಮ್ಮ ಸಂಪಾದಕರ ಮೇಲೆ ಹೇರಲು ನನಗೆ ಮನಸ್ಸಾಗುವುದಿಲ್ಲ. ಒಗಟು ಬಿಡಿಸಿದ ಹುಡುಗರು ಒಂದೆರಡು ಗಂಟೆ ಆಡಿ ಎದ್ದು ಹೋದರು. ಸಂಪಾದಕರದ್ದು ಹಾಗಲ್ಲ. ಮೊದಲ ಸಂಚಿಕೆಗಳ ಖುಷಿ ಕಳೆದು ಎಷ್ಟೋ ವರ್ಷ ಆಗಿದೆ. ಈಗ ಅವರು ಮಾಡುತ್ತಿರುವುದು ಮಾತು ಕೊಟ್ಟಿದ್ದಕ್ಕೆ, ಬಿಟ್ಟರೆ ಪತ್ರಿಕೆ ನಿಂತೇ ಹೋಗುತ್ತದೆ ಅನ್ನುವ ಭಯಕ್ಕೆ. ಅಂಥವರ ಹತ್ತಿರ ಹೋಗಿ "ದುಡ್ಡು ಕೊಟ್ಟರೆ ನಿಮ್ಮ ಪ್ರೀತಿ ಕಮ್ಮಿಯಾಗುತ್ತದೆ" ಅಂದರೆ ನಗುತ್ತಾರೆ. ನಗದಿದ್ದರೆ ಬೈಯುತ್ತಾರೆ.

ಸರಿ, ಈಗ ಕೊಡುವವರ ಕಡೆ ತಿರುಗೋಣ.

ಇಸ್ರೇಲಿನ ಹೈಫಾ ನಗರದ ಶಿಶುಪಾಲನಾ ಕೇಂದ್ರಗಳ ಕಥೆ ನೀವು ಕೇಳಿರಬಹುದು. ಯೂರಿ ನೀಸಿ ಮತ್ತು ಆಲ್ಡೊ ರುಸ್ಟಿಕಿನಿ ಅನ್ನುವ ಅರ್ಥಶಾಸ್ತ್ರಜ್ಞರು 2000ದಲ್ಲಿ ಬರೆದದ್ದು. ಸಂಜೆ ಮಕ್ಕಳನ್ನು ಕರೆದುಕೊಂಡು ಹೋಗಲು ಕೆಲವು ಪೋಷಕರು ತಡವಾಗಿ ಬರುತ್ತಿದ್ದರು. ಅವರು ಬರುವ ತನಕ ಟೀಚರ್ ಕಾಯಬೇಕು. ಹತ್ತು ಕೇಂದ್ರಗಳಲ್ಲಿ ಆರರಲ್ಲಿ ತಡ ಮಾಡಿದವರಿಗೆ ಸಣ್ಣ ದಂಡ ಹಾಕಿದರು. ಆಗ ತಡವಾಗಿ ಬರುವವರು ಕಮ್ಮಿಯಾಗಲಿಲ್ಲ. ಹೆಚ್ಚುಕಡಿಮೆ ಎರಡು ಪಟ್ಟು ಆದರು. ಅಲ್ಲಿಯವರೆಗೆ "ಅಯ್ಯೋ, ಟೀಚರ್ ಕಾಯುತ್ತಿರುತ್ತಾರೆ" ಅನ್ನುವ ಸಂಕೋಚ ಇತ್ತು. ದಂಡ ಬಂದ ಮೇಲೆ, ದುಡ್ಡು ಕೊಟ್ಟಾಯಿತಲ್ಲ, ಕಾಯಲಿ ಬಿಡಿ. ಕೆಲವು ವಾರ ಆದ ಮೇಲೆ ದಂಡ ತೆಗೆದುಹಾಕಿದರು. ಸಂಕೋಚ ಮಾತ್ರ ವಾಪಸ್ ಬರಲಿಲ್ಲ. ತಡವಾಗಿ ಬರುವವರು ಹಾಗೇ ಬರುತ್ತಿದ್ದರು.

ಇಲ್ಲಿ ಬದಲಾದದ್ದು ದುಡ್ಡು ಪಡೆದವರಲ್ಲ, ಕೊಟ್ಟವರು. ಹವ್ಯಾಸಿ ಸಂಘದಲ್ಲೂ ಆಗುವುದು ಇದೇ.

ನಾನು ಹತ್ತಿರದಿಂದ ನೋಡಿದ ಒಂದು ಸಂಘದಲ್ಲಿ ಸಂಪಾದಕರಿಗೆ ಸಂಚಿಕೆಗೆ ಇಷ್ಟು ಅಂತ ಒಂದು ಸಣ್ಣ ಮೊತ್ತ ಗೊತ್ತು ಮಾಡಿದರು. ಅವರ ಕೆಲಸ ಅಷ್ಟೇನೂ ಬದಲಾಗಲಿಲ್ಲ. ಮೊದಲಿನ ಹಾಗೆಯೇ ರಾತ್ರಿ ಕೂತು ತಿದ್ದುತ್ತಿದ್ದರು. ಬದಲಾದದ್ದು ಅವರಿಗೆ ಬರುವ ಪತ್ರಗಳ ಧಾಟಿ. ಮೊದಲು "ಸಾರ್, ಬಿಡುವಾದಾಗ ನನ್ನ ಲೇಖನ ನೋಡ್ತೀರಾ?" ಅಂತ ಬರುತ್ತಿತ್ತು. ಆಮೇಲೆ "ನನ್ನ ಲೇಖನ ಯಾವ ಸಂಚಿಕೆಯಲ್ಲಿ ಬರುತ್ತದೆ, ದಯವಿಟ್ಟು ಖಚಿತಪಡಿಸಿ" ಅಂತ ಬರತೊಡಗಿತು. ಸಂಚಿಕೆ ತಡವಾದರೆ ಮೊದಲು "ಆರೋಗ್ಯವಾಗಿದ್ದೀರಲ್ವಾ?" ಅಂತ ವಿಚಾರಿಸುತ್ತಿದ್ದವರು, ಈಗ ಖಜಾಂಚಿಗೆ ಫೋನ್ ಮಾಡಿ "ದುಡ್ಡು ಕೊಡ್ತಾ ಇದ್ದೀವಲ್ಲ, ಮತ್ತೆ ಯಾಕೆ ಲೇಟು?" ಅಂತ ಕೇಳತೊಡಗಿದರು. ಅದಕ್ಕಿಂತ ದೊಡ್ಡ ನಷ್ಟ ಬೇರೆ ಇತ್ತು. ಕರಡು ನೋಡಲು ಪ್ರತಿ ಸಲ ಬರುತ್ತಿದ್ದ ಇಬ್ಬರು ಮೂವರು ಸದಸ್ಯರು ಒಬ್ಬೊಬ್ಬರಾಗಿ ಬರುವುದು ನಿಲ್ಲಿಸಿದರು. ಜಗಳ ಏನೂ ಇಲ್ಲ. ಅದು ಈಗ ಅವರ ಕೆಲಸ, ಸಂಬಳದ ಕೆಲಸ, ನಮ್ಮದಲ್ಲ ಅನ್ನುವ ಭಾವನೆ ಸದ್ದಿಲ್ಲದೆ ಬೇರೂರಿತ್ತು. ಕೊನೆಗೆ ಲೆಕ್ಕ ಹಾಕಿದರೆ, ಸಂಪಾದಕರಿಗೆ ಸಿಕ್ಕ ದುಡ್ಡು ಚೂರು, ಮೇಲೆ ಬಿದ್ದ ಕೆಲಸ ರಾಶಿ.

ಇದು ನಮ್ಮಂಥ ಪುಟ್ಟ ಸಂಘಗಳ ಕಥೆ ಮಾತ್ರ ಅಲ್ಲ. ಡೆಬಿಯನ್ ಅನ್ನುವ, ಕಂಪ್ಯೂಟರ್ ನಡೆಸುವ ಲಿನಕ್ಸ್ ತಂತ್ರಾಂಶವನ್ನು ಪ್ರಪಂಚದ ಮೂಲೆ ಮೂಲೆಯ ಸ್ವಯಂಸೇವಕರು ಸೇರಿ ಕಟ್ಟಿದ್ದಾರೆ. 2006ರಲ್ಲಿ ಅದರ ಮುಂದಿನ ಆವೃತ್ತಿ, 'ಎಚ್' (Etch) ಅಂತ ಹೆಸರು, ಹೇಳಿದ ದಿನಕ್ಕೆ ಬರಲಿ ಅಂತ ಕೆಲವರು ಸೇರಿ 'ಡಂಕ್-ಟ್ಯಾಂಕ್' ಅಂತ ಒಂದು ಪ್ರಯತ್ನ ಶುರು ಮಾಡಿದರು. ಹೊರಗಿನಿಂದ ಚಂದಾ ಎತ್ತಿ, ಬಿಡುಗಡೆಯ ಉಸ್ತುವಾರಿ ಹೊತ್ತ ಇಬ್ಬರಿಗೆ ಸಂಬಳ ಕೊಟ್ಟು, ಪೂರ್ತಿ ಹೊತ್ತು ಕೆಲಸ ಮಾಡಿಸುವುದು. ಆ ಇಬ್ಬರ ಕೆಲಸವೂ ಸಂಪಾದಕರದ್ದರ ಹಾಗೆಯೇ. ನೂರಾರು ಜನ ಬರೆದದ್ದನ್ನು ಪರೀಕ್ಷಿಸಿ, ಇದು ಒಳಗೆ, ಇದು ಹೊರಗೆ ಅಂತ ತೀರ್ಮಾನಿಸುವುದು.

ಗುರಿ ಇಟ್ಟದ್ದು 2006ರ ಡಿಸೆಂಬರ್ 4. ಹೊರಗೆ ಬಂದದ್ದು 2007ರ ಏಪ್ರಿಲ್ 8ಕ್ಕೆ. ತಡವಾಗಲು ಕಾರಣ ಹಲವು, ಎಲ್ಲವನ್ನೂ ಆ ಸಂಬಳದ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ನಡುವೆ ಆದ ಗಲಾಟೆ ಕಮ್ಮಿಯದಲ್ಲ. ಇಬ್ಬರಿಗೆ ಮಾತ್ರ ಯಾಕೆ, ನಾವು ಮಾಡುವ ಕೆಲಸಕ್ಕೆ ಬೆಲೆ ಇಲ್ಲವಾ ಅಂತ ಕೆಲವರು ಬಹಿರಂಗವಾಗಿ ಕೇಳಿದರು. ಇನ್ನು ಮುಂದೆ ನಮ್ಮ ಹೊತ್ತು ಕಮ್ಮಿ ಕೊಡುತ್ತೇವೆ ಅಂತ ಹೇಳಿಯೇ ಹಿಂದೆ ಸರಿದರು. ಯೋಜನೆಯ ನಾಯಕರನ್ನು ಕೆಳಗಿಳಿಸಬೇಕು ಅಂತ ಮತಕ್ಕೆ ಹಾಕುವ ತನಕ ಹೋಯಿತು. ನಾಯಕರು ಉಳಿದರು. ಮುರಿದ ಮನಸ್ಸುಗಳಿಗೆ ಮತ ಹಾಕುವ ವ್ಯವಸ್ಥೆ ಎಲ್ಲೂ ಇಲ್ಲ. ಸಂಬಳ ಪಡೆದ ಇಬ್ಬರ ಆಸಕ್ತಿ ಇಳಿಯಿತಾ ಅಂತ ಯಾರೂ ಕೇಳಲಿಲ್ಲ. ಇಳಿದದ್ದು ಸಂಬಳ ಪಡೆಯದವರದ್ದು.

ಹಾಗಾದರೆ ದುಡ್ಡೇ ಬೇಡವಾ? ಅಷ್ಟು ಸಲೀಸಾಗಿ ಹೇಳಿಬಿಡಲು ನನಗೆ ಆಗುವುದಿಲ್ಲ.

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಇತಿಹಾಸದಲ್ಲಿ ಫಿಟ್ಸೆಡ್ವರ್ಡ್ ಹಾಲ್ ಅಂತ ಒಬ್ಬರು ಬರುತ್ತಾರೆ. ಅಮೆರಿಕದಲ್ಲಿ ಹುಟ್ಟಿ, ಕಾಶಿಯಲ್ಲಿ ಸಂಸ್ಕೃತ ಕಲಿಸಿ, ಕೊನೆಗೆ ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ಯಾರ ಸಹವಾಸವೂ ಬೇಡ ಅಂತ ಒಂಟಿಯಾಗಿ ಉಳಿದವರು. ಸಂಪಾದಕ ಜೇಮ್ಸ್ ಮರ್ರಿಗೆ ಸಂಬಳ ಇತ್ತು. ಹಾಲ್‌ಗೆ ಇರಲಿಲ್ಲ. ಆದರೂ ದಿನಕ್ಕೆ ನಾಲ್ಕು ಗಂಟೆಯ ಹಾಗೆ, ವರ್ಷಗಟ್ಟಲೆ, 1901ರಲ್ಲಿ ಸಾಯುವ ತನಕ ಆ ನಿಘಂಟಿನ ಕರಡು ತಿದ್ದಿದರು. ಕೇಳಲು ಎಷ್ಟು ಚೆಂದ. ಆದರೆ ಇಂಥವರನ್ನೇ ನಂಬಿಕೊಂಡು ಪತ್ರಿಕೆ ನಡೆಸುತ್ತೇವೆ ಅಂದರೆ, ದಿನಕ್ಕೆ ನಾಲ್ಕು ಗಂಟೆ ಬಿಡುವಿರುವವರು ಮಾತ್ರ ಸಂಪಾದಕರಾಗಲು ಸಾಧ್ಯ. ಎರಡು ಪಾಳಿ ದುಡಿಯುವವರು, ಮನೆಯಲ್ಲಿ ಪುಟ್ಟ ಮಕ್ಕಳಿರುವ ತಾಯಿ, ವಯಸ್ಸಾದ ಅಪ್ಪ ಅಮ್ಮನನ್ನು ನೋಡಿಕೊಳ್ಳುವವರು, ಎಲ್ಲರೂ ಹೊರಗೆ. "ಸೇವೆ ಅಂದರೆ ಸೇವೆ, ದುಡ್ಡಿನ ಮಾತು ಯಾಕೆ?" ಅನ್ನುವವರು ಹೆಚ್ಚಾಗಿ ಕೆಲಸದಿಂದ ನಿವೃತ್ತರಾಗಿ ಆರಾಮಾಗಿ ಇರುವವರೇ. ನಾನು ನೋಡಿದ ಮಟ್ಟಿಗೆ ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಅದಕ್ಕೇ ನನ್ನ ತಕರಾರು ದುಡ್ಡಿನ ಮೇಲಲ್ಲ. ಚಿಲ್ಲರೆ ಗೌರವಧನದ ಮೇಲೆ.

ನೀಸಿ ಮತ್ತು ರುಸ್ಟಿಕಿನಿ ಅವರದ್ದೇ ಇನ್ನೊಂದು ಪ್ರಯೋಗ ಇದೆ. ಹೈಸ್ಕೂಲ್ ಮಕ್ಕಳು ಮನೆ ಮನೆಗೆ ಹೋಗಿ ಒಳ್ಳೆಯ ಕೆಲಸಕ್ಕೆ ದೇಣಿಗೆ ಎತ್ತಬೇಕು. ಕೆಲವರಿಗೆ ಬರೀ ಮಾತಿನ ಹುರುಪು. ಕೆಲವರಿಗೆ ಎತ್ತಿದ ಮೊತ್ತದ ಶೇಕಡಾ 1ರಷ್ಟು ದುಡ್ಡು. ಇನ್ನು ಕೆಲವರಿಗೆ ಶೇಕಡಾ 10. ಈ ದುಡ್ಡು ದೇಣಿಗೆಯಿಂದ ಅಲ್ಲ, ಬೇರೆ ಕಡೆಯಿಂದ ಬರುತ್ತದೆ ಅಂತ ಮೊದಲೇ ಹೇಳಿದ್ದರು. ಎಲ್ಲರಿಗಿಂತ ಜಾಸ್ತಿ ಎತ್ತಿದ್ದು ಏನೂ ಪಡೆಯದವರು. ಎಲ್ಲರಿಗಿಂತ ಕಮ್ಮಿ ಎತ್ತಿದ್ದು ಶೇಕಡಾ 1 ಪಡೆದವರು. ಶೇಕಡಾ 10ರವರು ನಡುವೆ. ಕೊಟ್ಟರೆ ಸರಿಯಾಗಿ ಕೊಡಿ, ಇಲ್ಲದಿದ್ದರೆ ಕೊಡಲೇ ಬೇಡಿ ಅಂತ ಅವರ ತೀರ್ಮಾನ.

ಸಂಘಗಳು ಕೊಡುವ ಗೌರವಧನ ಯಾವಾಗಲೂ ಈ ಶೇಕಡಾ 1ರ ಜಾತಿಯದ್ದು. ಮೂಗಿಗೆ ತುಪ್ಪ ಸವರಿದ ಹಾಗೆ. ಹೊಟ್ಟೆ ತುಂಬುವುದಿಲ್ಲ, ವಾಸನೆ ಹೋಗುವುದಿಲ್ಲ. ಸಂಪಾದಕರ ಹೊತ್ತಿಗೆ ಅದು ಬೆಲೆ ಅಲ್ಲ, ಆದರೆ ಸದಸ್ಯರಿಗೆ ಅವರ ಮೇಲೆ ಹಕ್ಕು ಕೊಡಲು ಅಷ್ಟು ಸಾಕು. ಅವರು ಇನ್ನು ಮೇಲೆ ಪೂರ್ತಿ ನಮ್ಮವರೂ ಅಲ್ಲ, ಪೂರ್ತಿ ನೌಕರರೂ ಅಲ್ಲ. ನೌಕರರಿಗೆ ರಜೆ ಇರುತ್ತದೆ, ಕೆಲಸದ ಹೊತ್ತು ಅಂತ ಇರುತ್ತದೆ. ಇವರಿಗೆ ಅದೂ ಇಲ್ಲ.

ಈ ಅಡ್ಡಗೋಡೆಯ ಮೇಲೆ ಕೂರುವುದರ ಅಪಾಯ ಕಾನೂನಿನ ಕಡೆಯಿಂದಲೂ ಬರಬಹುದು. 1990ರ ದಶಕದಲ್ಲಿ ಎಒಎಲ್ ಅನ್ನುವ ಅಮೆರಿಕದ ಕಂಪನಿಯ ಚರ್ಚಾಕೋಣೆಗಳನ್ನು ಸಾವಿರಾರು ಸ್ವಯಂಸೇವಕರು ನೋಡಿಕೊಳ್ಳುತ್ತಿದ್ದರು. ಸಂಬಳ ಇಲ್ಲ. ಬದಲಿಗೆ ಪುಕ್ಕಟೆ ಅಥವಾ ಕಮ್ಮಿ ದರದ ಸಂಪರ್ಕ. ಗಂಟೆಯ ಲೆಕ್ಕದಲ್ಲಿ ಬಿಲ್ ಬರುತ್ತಿದ್ದ ಕಾಲದಲ್ಲಿ ಅದು ದೊಡ್ಡ ಉಡುಗೊರೆಯೇ. 1996ರ ಕೊನೆಯಲ್ಲಿ ಕಂಪನಿ ತಿಂಗಳಿಗೆ ಒಂದೇ ದರ ಅಂತ ಮಾಡಿತು. ಉಡುಗೊರೆಯ ಬೆಲೆ ಒಮ್ಮೆಲೇ ಇಳಿಯಿತು. ಪಾಳಿ, ವರದಿ, ನಿಯಮ ಎಲ್ಲ ಹಾಗೇ ಉಳಿದವು. 1999ರಲ್ಲಿ ಇಬ್ಬರು ಮಾಜಿ ಸ್ವಯಂಸೇವಕರು ಕೋರ್ಟಿಗೆ ಹೋದರು. ನಾವು ನಿಜಕ್ಕೂ ನೌಕರರು, ಕನಿಷ್ಠ ಕೂಲಿ ಕೊಡಿ ಅಂತ. ವರ್ಷಗಟ್ಟಲೆ ನಡೆದ ಕೇಸು 2010ರಲ್ಲಿ 1.5 ಕೋಟಿ ಡಾಲರ್ ರಾಜಿಯಲ್ಲಿ ಮುಗಿಯಿತು. ಎಒಎಲ್ ಲಾಭಕ್ಕೆ ನಡೆಯುವ ಕಂಪನಿ, ಹವ್ಯಾಸಿ ಸಂಘ ಅಲ್ಲ, ನಿಜ. ಆದರೆ ಹೊತ್ತು ಗೊತ್ತು ಮಾಡಿ, ಲೆಕ್ಕ ಕೇಳಿ, ಪ್ರತಿಫಲಕ್ಕೆ ಮಾತ್ರ ಬೇರೆ ಹೆಸರಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಬೇರೆ ಹೆಸರು ಅಂದಾಗ ಕ್ರಿಕೆಟ್ ನೆನಪಾಗುತ್ತದೆ. ಇಂಗ್ಲೆಂಡಿನಲ್ಲಿ 1962ರ ತನಕ ಆಟಗಾರರಲ್ಲಿ ಎರಡು ಪಂಗಡ. ದುಡ್ಡಿಗೆ ಆಡುವವರು, ಹವ್ಯಾಸಕ್ಕೆ ಆಡುವವರು. ಆ ಕಾಲದ ಹೆಸರಾಂತ ಆಟಗಾರ ಡಬ್ಲ್ಯೂ. ಜಿ. ಗ್ರೇಸ್ ಲೆಕ್ಕಕ್ಕೆ ಹವ್ಯಾಸಿ. ಆದರೆ 1873-74ರ ಆಸ್ಟ್ರೇಲಿಯಾ ಪ್ರವಾಸಕ್ಕೆ ಅವರು ಪಡೆದದ್ದು 1,500 ಪೌಂಡ್. ಜೊತೆಗೆ ಹೋದ ವೃತ್ತಿಪರರಿಗೆ ತಲಾ 170. ಹವ್ಯಾಸಿಗೆ ಕೊಡುವುದನ್ನು 'ಖರ್ಚು' ಅಂತ ಬರೆದುಕೊಂಡರೆ ಎಲ್ಲರ ಮಾನವೂ ಉಳಿಯುತ್ತಿತ್ತು. ನಮ್ಮ ಸಂಪಾದಕರದ್ದು ಇದರ ಉಲ್ಟಾ. ಅವರು ನಿಜವಾಗಿ ಮಾಡುವ ಖರ್ಚನ್ನೇ ಯಾರೂ ಬರೆದುಕೊಳ್ಳುವುದಿಲ್ಲ. ಅಂಚೆ, ಕಾಗದ, ಪ್ರಿಂಟರ್ ಶಾಯಿ, ಫಾಂಟು, ಸಾಫ್ಟ್‌ವೇರ್ ಬಾಡಿಗೆ, ಪ್ರೆಸ್ಸಿಗೆ ಓಡಾಡಿದ್ದು, ಎಲ್ಲ ಅವರ ಜೇಬಿನಿಂದ. ಕೇಳಲು ಸಂಕೋಚ. ರಸೀದಿ ಇಟ್ಟುಕೊಂಡಿರುವುದಿಲ್ಲ. ಹೀಗಿರುವಾಗ ಅವರು ಬಿಟ್ಟಿ ದುಡಿಯುತ್ತಿದ್ದಾರೆ ಅನ್ನುವ ಮಾತೂ ಸುಳ್ಳು. ದುಡಿಯಲು ಅವರೇ ದುಡ್ಡು ಕೊಡುತ್ತಿದ್ದಾರೆ.

ಹಾಗಾಗಿ ನನ್ನ ಕೈಗೆ ಸಂಘದ ಲೆಕ್ಕ ಕೊಟ್ಟರೆ ಮೊದಲು ಮಾಡುವುದು ಇದು. ಸಂಪಾದಕರ ಖರ್ಚು ಅಂತ ಬಜೆಟ್ಟಿನಲ್ಲಿ ಒಂದು ಸಾಲು. ಅದರಲ್ಲಿ ಒಂದಿಷ್ಟನ್ನು ವರ್ಷದ ಶುರುವಿನಲ್ಲೇ ಮುಂಗಡ ಕೊಟ್ಟುಬಿಡುವುದು. ಕೇಳುವ ಸಂಕೋಚವೇ ಇರಬಾರದು.

ಆಮೇಲೆ ದುಡ್ಡು ಮಿಕ್ಕಿದರೆ, ಅದು ಸಂಪಾದಕರಿಗೆ ಹೋಗುವುದಕ್ಕಿಂತ ಸಂಪಾದಕರ ತಲೆಮೇಲಿನ ಹೊರೆ ಇಳಿಸಲು ಹೋಗಲಿ. ಪುಟವಿನ್ಯಾಸಕ್ಕೆ ಹೊರಗಿನ ಡಿಟಿಪಿಯವರು, ಟೈಪ್ ಮಾಡಲು ಒಬ್ಬರು, ವಿಳಾಸದ ಚೀಟಿ ಅಂಟಿಸಿ ಅಂಚೆಗೆ ಹಾಕಲು ಒಬ್ಬರು. ಇವರಿಗೆ ಪೂರ್ತಿ ದರ, ಚೌಕಾಸಿ ಇಲ್ಲದೆ. ಹೊರಗಿನವರಿಗೆ ಅವರ ಕೆಲಸದ ದುಡ್ಡು ಕೊಟ್ಟರೆ ಸದಸ್ಯರಲ್ಲಿ ಯಾರಿಗೂ ಕಸಿವಿಸಿ ಆಗುವುದಿಲ್ಲ. ಸಂಪಾದಕರಿಗೆ ಉಳಿಯುವುದು ಅವರು ಮೊದಲ ದಿನ ಆಸೆಪಟ್ಟು ಬಂದ ಕೆಲಸ. ಓದುವುದು, ಆರಿಸುವುದು, ತಿದ್ದುವುದು, ತೂತು ಎಣಿಸುವುದು.

ಇಲ್ಲ, ಸಂಪಾದಕರಿಗೇ ಕೊಡಬೇಕು, ಅವರಿಗೆ ಅದು ಬೇಕಾಗಿದೆ ಅಂತಾದರೆ ಕೊಡೋಣ. ಆದರೆ ಆಗ ಅದು ಕೆಲಸ. ಕಾಗದದ ಮೇಲೆ ಬರೆದುಕೊಳ್ಳೋಣ. ಎಷ್ಟು ಸಂಚಿಕೆ, ಎಷ್ಟು ದುಡ್ಡು, ಎಷ್ಟು ವರ್ಷ, ಯಾರಿಗೆ ಉತ್ತರ ಹೇಳಬೇಕು, ಯಾರಿಗೆ ಹೇಳಬೇಕಾಗಿಲ್ಲ. ಸರ್ವಸದಸ್ಯರ ಸಭೆಯಲ್ಲಿ, ಎಲ್ಲರ ಮುಂದೆ. ಸಮಿತಿಯ ನಾಲ್ಕು ಜನ ಮುಚ್ಚಿದ ಕೋಣೆಯಲ್ಲಿ ಮಾಡಿದ ತೀರ್ಮಾನ ಆರು ತಿಂಗಳಲ್ಲಿ ಹೇಗೂ ಹೊರಬರುತ್ತದೆ, ಬರುವಾಗ ಮೂರು ಪಟ್ಟು ದೊಡ್ಡದಾಗಿ ಬರುತ್ತದೆ. ಇನ್ನೊಂದು ವಿಷಯ. ದಯವಿಟ್ಟು ಪುಟದ ಲೆಕ್ಕದಲ್ಲಿ ಕೊಡಬೇಡಿ. ಸಂಪಾದಕರ ಒಳ್ಳೆಯ ಕೆಲಸದಲ್ಲಿ ಅರ್ಧ ಭಾಗ ಬೇಡ ಅನ್ನುವುದು. ಪುಟಕ್ಕೆ ಇಷ್ಟು ಅಂತ ಕೊಟ್ಟರೆ, ಬೇಡ ಅಂದಾಗಲೆಲ್ಲ ಅವರಿಗೆ ನಷ್ಟ. ಪತ್ರಿಕೆ ದಪ್ಪಗಾಗುತ್ತದೆ ಅಷ್ಟೇ.

ಅವರಿಗೆ ತಗೊಳ್ಳಲು ಮನಸ್ಸಿಲ್ಲ, ಆದರೆ ಸಂಘ ಕೊಡಲೇಬೇಕು ಅಂತ ಹಟ ಹಿಡಿದಿದ್ದರೆ? ಅದಕ್ಕೂ ದಾರಿ ಇದೆ. ಸ್ವೀಡನ್ನಿನಲ್ಲಿ ರಕ್ತದಾನದ ಬಗ್ಗೆ ಒಂದು ಅಧ್ಯಯನ ಮಾಡಿದ್ದರು, 2008ರಲ್ಲಿ ಪ್ರಕಟವಾಯಿತು. ದುಡ್ಡಿನ ಮಾತೇ ಎತ್ತದ ಗುಂಪಿನಲ್ಲಿ ರಕ್ತದಾನಿಯಾಗಲು ತಯಾರಿದ್ದ ಹೆಂಗಸರು ಶೇಕಡಾ 52. ದುಡ್ಡು ಕೊಡುತ್ತೇವೆ ಅಂದ ಗುಂಪಿನಲ್ಲಿ ಅದು 30ಕ್ಕೆ ಇಳಿಯಿತು. ಆ ದುಡ್ಡನ್ನು ಬೇಕಾದರೆ ದತ್ತಿಗೆ ಕೊಡಬಹುದು ಅಂದ ಗುಂಪಿನಲ್ಲಿ ಮತ್ತೆ 53. ಗಂಡಸರಲ್ಲಿ ಮಾತ್ರ ಇಂಥ ವ್ಯತ್ಯಾಸ ಕಾಣಲಿಲ್ಲ, ಅದು ಯಾಕೆ ಅನ್ನುವುದು ಬೇರೆಯೇ ಚರ್ಚೆ. ಸಂಪಾದಕರಿಗೂ ಹೀಗೇ ಬಿಡಬಹುದು. ಈ ಮೊತ್ತ ನಿಮ್ಮದು, ನೀವು ಇಟ್ಟುಕೊಳ್ಳಿ, ಇಲ್ಲವೇ ಸಂಘದ ಪುಸ್ತಕ ಭಂಡಾರಕ್ಕೆ ಯಾವ ಕ್ಯಾಟಲಾಗ್ ಬೇಕು ಅಂತ ನೀವೇ ಹೇಳಿ. ಯಾವುದನ್ನು ಆರಿಸಿದರೂ ಯಾರೂ ಕೇಳಬಾರದು.

ಹೀಗೆ ಸಂಬಳ ಕೊಡತೊಡಗಿದ ಮೇಲೆ ನಾವು ಮೊದಲಿನ ಹಾಗೇ ಇದ್ದೇವೆ ಅಂತ ನಟಿಸುವುದೂ ಬೇಡ. ವೈಜ್ಞಾನಿಕ ಕಥೆಗಳ ಅಭಿಮಾನಿಗಳ ಲೋಕದಲ್ಲಿ ಇದನ್ನು ಬಹಳ ಹಿಂದೆಯೇ ಬಗೆಹರಿಸಿಕೊಂಡಿದ್ದಾರೆ. ಅಲ್ಲಿನ ಹ್ಯೂಗೋ ಪ್ರಶಸ್ತಿಯಲ್ಲಿ ಅಭಿಮಾನಿಗಳು ತರುವ ಪತ್ರಿಕೆಗಳಿಗೆ 1955ರಿಂದಲೇ ಒಂದು ವಿಭಾಗ ಇತ್ತು. 'ಲೋಕಸ್' ಅನ್ನುವ ಪತ್ರಿಕೆ ಅಭಿಮಾನಿಗಳ ಪತ್ರಿಕೆಯಾಗಿಯೇ 1968ರಲ್ಲಿ ಹುಟ್ಟಿ, ಬೆಳೆದು ದೊಡ್ಡದಾಗಿ, ಆ ಪ್ರಶಸ್ತಿಯನ್ನು ಮತ್ತೆ ಮತ್ತೆ ಹೊಡೆಯತೊಡಗಿತು. ಮನೆಯಲ್ಲಿ ಕೂತು ನಾಲ್ಕಾರು ಪುಟ ತರುವವರು ಅದರ ಜೊತೆ ಹೇಗೆ ಸ್ಪರ್ಧಿಸಬೇಕು? 1984ರಿಂದ ಅರೆ-ವೃತ್ತಿಪರ ಪತ್ರಿಕೆಗಳಿಗೆ ಅಂತಲೇ ಬೇರೆ ವಿಭಾಗ ಬಂತು. ಬರೆಯುವವರಿಗೆ ಅಥವಾ ಕೆಲಸ ಮಾಡುವವರಿಗೆ ಪತ್ರಿಕೆಯ ಪ್ರತಿ ಬಿಟ್ಟು ಬೇರೆ ಏನಾದರೂ ಕೊಟ್ಟರೆ ಅದು ಈ ವಿಭಾಗಕ್ಕೆ ಹೋಗಲು ಒಂದು ಲಕ್ಷಣ ಅಂತ ಈಗಿನ ನಿಯಮ ಹೇಳುತ್ತದೆ. ಇದರಲ್ಲಿ ಬೈಗುಳ ಇಲ್ಲ, ಮೇಲು ಕೀಳು ಇಲ್ಲ. ನೀವು ಆ ಕಡೆ ಇದ್ದೀರಿ, ನಾವು ಈ ಕಡೆ ಅಂತ ಗೆರೆ ಎಳೆದರು ಅಷ್ಟೇ.

ಕೊನೆಗೆ ಒಂದು ಮಾತು. ಸಭೆಯಲ್ಲಿ ಎದ್ದು ನಿಂತು ಗೌರವಧನ ಕೊಡೋಣ ಅನ್ನುವ ಮುಂಚೆ ಸಂಪಾದಕರನ್ನು ಒಂದು ಸಲ ಬೇರೆಯಾಗಿ ಕೇಳಿ ನೋಡಿ. ಎಲ್ಲರ ಮುಂದೆ ಅಲ್ಲ. ನಾನು ಮಾತಾಡಿಸಿದ ಸಂಪಾದಕರಲ್ಲಿ ದುಡ್ಡು ಬೇಕು ಅಂದವರು ಕಮ್ಮಿ. ಅವರ ಪಟ್ಟಿ ಬೇರೆಯೇ. ಕರಡು ನೋಡಲು ಇಬ್ಬರು ಬೇಕು, ಬರುತ್ತೇನೆ ಅಂದ ದಿನ ಬರುವವರು. ಲೇಖನ ಕೊಡುವ ಕೊನೆಯ ದಿನ ಅಂದರೆ ಸಮಿತಿಯವರಿಗೂ ಅದೇ ಕೊನೆಯ ದಿನ ಆಗಿರಬೇಕು. ಅಧ್ಯಕ್ಷರ ಲೇಖನವನ್ನೂ ತಿದ್ದುವ, ಬೇಡ ಅನ್ನುವ ಅಧಿಕಾರ ಬರಹದಲ್ಲಿ ಬೇಕು. ಇನ್ನು ಮೂರು ವರ್ಷಕ್ಕೆ ನನ್ನನ್ನು ಬಿಡುತ್ತೀರಿ ಅಂತ ಒಂದು ತಾರೀಖು ಬೇಕು, ಅಷ್ಟರೊಳಗೆ ಪಕ್ಕದಲ್ಲಿ ಕೂತು ಕಲಿಯುವ ಒಬ್ಬರು ಬೇಕು. ಇದರಲ್ಲಿ ಯಾವುದಕ್ಕೂ ಖಜಾಂಚಿಯ ಒಪ್ಪಿಗೆ ಬೇಕಾಗಿಲ್ಲ. ಬಹುಶಃ ಅದಕ್ಕೇ ಚಪ್ಪಾಳೆ ತಟ್ಟುವ ಜನರಿಗೆ ಗೌರವಧನವೇ ಸುಲಭ ಅನ್ನಿಸುತ್ತದೆ.